ಹೆಸರಿಲ್ಲದ ಪರದೆ

ಮೊನ್ನೆ ಗಾಂಧಿ ಚೌಕದ ಅಂಗಡಿಯೊಂದರಲ್ಲಿ ಒಣದ್ರಾಕ್ಷಿಯ ಡಬ್ಬಿ ತೆರೆದರು. ಸಿಹಿಯ ಜೊತೆ, ಬಣ್ಣ ಕೆಡದಿರಲು ಹಾಕುವ ಗಂಧಕದ ಆ ಸಣ್ಣ ಘಾಟು ಮೂಗಿಗೆ ಬಡಿಯಿತು... ಟಿಕೋಟಾದ ಶೆಡ್ಡು, ಅಲ್ಲಿದ್ದ ಚಾಚಿ ಕಣ್ಣೆದುರು ಬಂದರು.

ಒಣದ್ರಾಕ್ಷಿಯಿಂದ ಕಸಕಡ್ಡಿ ಆರಿಸುವ ಇಪ್ಪತ್ತು ಹೆಂಗಸರಿಗೆ ಅವರೇ ಮುಖ್ಯಸ್ಥೆ. ಮಾಲೀಕನಿಗೂ ಅವರು ಚಾಚಿಯೇ. ಎಷ್ಟು ಮಾಲು ಆರಿಸಿ ಮುಗಿಯಿತೆಂದು ಲೆಕ್ಕ ಇಡುವ ಸಾಫ್ಟ್‌ವೇರ್ ಅನ್ನು ಶೆಡ್ಡಿಗೆ ಬರೆದುಕೊಡಲು ವಿಜಯಪುರದಿಂದ ನಾವು ಮೂವರು ಹೋಗಿದ್ದೆವು. ಸಾಫ್ಟ್‌ವೇರ್ ಮಾಡುವ 'ಅಜೈಲ್' ಎಂಬ ಪದ್ಧತಿಯ ತರಬೇತಿ ಆಗಷ್ಟೇ ಮುಗಿದಿತ್ತು. ಕೆಲಸವನ್ನು ಸಣ್ಣ ತುಂಡು ಮಾಡಿ, ಹದಿನೈದು ದಿನಕ್ಕೊಮ್ಮೆ ಬಳಸುವವರಿಗೆ ತೋರಿಸಿ, ದಿನಾ ಬೆಳಿಗ್ಗೆ ಎಲ್ಲರೂ ನಿಂತು ಹತ್ತು ನಿಮಿಷ ಮಾತಾಡಿ ಎಂದು ಕಲಿಸಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಮೊದಲ ದಿನವೇ ಹೆಂಗಸರನ್ನೆಲ್ಲ ಏಳಿಸಲು ಹೋದೆ.

"ನಿಂತು ಮಾತಾಡೋರು ಜಗಳಕ್ಕ ಬಂದೋರು, ತಂಗಿ. ಕುಂದ್ರು," ಎಂದು ಚಾಚಿ ನನ್ನ ಮುಂದೊಂದು ತಟ್ಟೆ ತಳ್ಳಿದರು.

ಅಂದಿನಿಂದ ಸಭೆ ಕುಳಿತೇ ನಡೆಯಿತು, ದ್ರಾಕ್ಷಿ ಆರಿಸುತ್ತ. ಕೈಗೆ ಕೆಲಸವಿದ್ದಾಗ ಮಾತು ಉದ್ದವಾಗುವುದಿಲ್ಲ. ಐದೇ ನಿಮಿಷದಲ್ಲಿ ಮುಗಿಯುತ್ತಿತ್ತು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಕೆಲಸ ಎಲ್ಲಿಗೆ ಬಂತೆಂದು ಎಲ್ಲರಿಗೂ ಕಾಣಬೇಕು ಎಂಬ ಪಾಠವಿತ್ತಲ್ಲ, ಶೆಡ್ಡಿನ ಗೋಡೆಗೆ ಹಾಕಿದ್ದ ಕಂಪ್ಯೂಟರ್ ಪರದೆಯ ಮೇಲೆ ಒಬ್ಬೊಬ್ಬರ ಹೆಸರೂ ಬರುವಂತೆ ಮಾಡಿದೆ. ಹಿಂದೆ ಬಿದ್ದವರದು ಕೆಂಪು. ಮೊದಲು ಕೆಂಪಾದದ್ದು ಇಟ್ಟಂಗಿಹಾಳದ ಒಬ್ಬ ಮುದುಕಿಯ ಹೆಸರು. ಮಾಲೀಕ ನೋಡಿದ. "ನಾಳಿಂದ ಬರಬ್ಯಾಡ," ಎಂದ. ಮುದುಕಿ ಬುತ್ತಿ ಗಂಟು ಎತ್ತಿಕೊಂಡಳು.

ಚಾಚಿ ಎದ್ದರು. ಅವರ ಹಿಂದೆ ಎಲ್ಲ ಹೆಂಗಸರೂ ಎದ್ದು ನಿಂತರು.

"ಕಡ್ಡಿ ಹೆಚ್ಚಿರೋ ಕೆಟ್ಟ ಮಾಲು ನಾನ ಆಕೀಗೆ ಕೊಡ್ತೀನ್ರಿ. ಅದನ್ನ ಹಸನ ಮಾಡೋದು ಬ್ಯಾರೆ ಯಾರಿಗೂ ಬರಂಗಿಲ್ಲ. ನಿಮ್ಮ ಪರದೇಕ ಇದು ಗೊತ್ತೈತೇನು?" ನನ್ನ ಕಡೆ ತಿರುಗಿದರು. "ಹೆಸರು ತಗಿ ಬೇ. ಇಲ್ಲಾ ನಿನ್ನ ಹೆಸರೂ ಹಾಕು, ನಿನ್ನ ತಪ್ಪು ನಾವೂ ಎಣಸ್ತೀವಿ."

ನನಗೆ ನಾಚಿಕೆಯಾಯಿತು. ಮಾಲೀಕನ ಎದುರೇ ಹೆಸರುಗಳನ್ನು ಅಳಿಸಿ ಮಾಲಿನ ನಂಬರು ಹಾಕಿದೆ. ಪಕ್ಕದಲ್ಲಿ ಆ ಮಾಲು ಎಷ್ಟು ಕೆಟ್ಟದ್ದೆಂದು ಚಾಚಿ ಹೇಳಿದ್ದನ್ನು ಬರೆದೆ. ಮಾಲೀಕ ಗೊಣಗುತ್ತ ಹೊರಗೆ ಹೋದ. ಮರುದಿನ ಮುದುಕಿ ಕೆಲಸಕ್ಕೆ ಬಂದಳು.

ಸುದ್ದಿ ಕೇಳಿ ತರಬೇತಿ ಕೊಟ್ಟವರು ಫೋನಿನಲ್ಲಿ ರೇಗಿದರು, ಕುಳಿತು ಸಭೆ, ಹೆಸರಿಲ್ಲದ ಪರದೆ, ಇದು ಅಜೈಲೇ ಅಲ್ಲ ಅಂತ. ಅಲ್ಲದಿದ್ದರೆ ಬಿಡಿ ಎಂದೆ. ಬಳಸುವವರ ಮಾತು ಕೇಳಿ ಬದಲಾಯಿಸಿ ಎಂದು ಹೇಳಿಕೊಟ್ಟವರು ಅವರೇ. ನಾನು ಕೇಳಿದೆ, ಅಷ್ಟೇ.

ಚಾಚಿ ತೀರಿಕೊಂಡು ಎರಡು ವರ್ಷವಾಯಿತು... ಈಗ ಬಬಲೇಶ್ವರದ ಕಡೆ ಇನ್ನೊಂದು ಶೆಡ್ಡಿಗೆ ಅದೇ ಸಾಫ್ಟ್‌ವೇರ್ ಹಾಕುತ್ತಿದ್ದೇವೆ. ಅಲ್ಲಿಯ ಮ್ಯಾನೇಜರ್ ನಿನ್ನೆ ಕೇಳಿದ, "ಹೆಸರು ಬರೂವಂಗ ಮಾಡ್ರಿ ಮೇಡಂ, ಮೈಗಳ್ಳರು ಯಾರಂತ ಗೊತ್ತಾಗ್ತೈತಿ."

ಮಾಡುವುದಿಲ್ಲ ಎಂದೆ. ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದ. ಕೊಡಿ ಎಂದೆ. ಅಲ್ಲಿ ಕುಳಿತ ಹೆಂಗಸರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಚಾಚಿ ಇದ್ದಿದ್ದರೆ, ನಾನು ಬಾಯಿ ತೆರೆಯುವ ಮೊದಲೇ ಅವನಿಗೆ ಉತ್ತರ ಸಿಕ್ಕಿರುತ್ತಿತ್ತು.