ಹನ್ನೆರಡನೆಯ ಕಡತ

ಮಹಾರಾಜರ ಆಳ್ವಿಕೆಯ ಆ ದಿನಗಳಲ್ಲಿ ನಮ್ಮ ಮದಕರಿಪುರದ ಮಕ್ಕಳು ಅಕ್ಷರ ಕಲಿಯುತ್ತಿದ್ದದ್ದು ನಮ್ಮ ಮನೆಯ ಜಗಲಿಯ ಮೇಲೆ. ಅದೇ ಕೂಲಿಮಠ, ನಮ್ಮ ಅಪ್ಪಯ್ಯನೇ ಅಯ್ಯನೋರು. ಹುಡುಗರು ರಾಗಿಯನ್ನೋ ಸೌತೆಕಾಯಿಯನ್ನೋ ತಂದುಕೊಟ್ಟು ಮಗ್ಗಿ ಒಪ್ಪಿಸುತ್ತಿದ್ದರು. ಈಗ ಕಡತವೆಂದರೆ ಕಚೇರಿಯ ಕಾಗದದ ಕಟ್ಟು. ನಮಗೆ ಅದು ಬಟ್ಟೆಯ ಪುಸ್ತಕ. ಹುಣಸೆಬೀಜ ಅರೆದು ಕಾಸಿದ ಅಂಟಿಗೆ ಇದ್ದಿಲಪುಡಿ ಕಲಸಿ, ದಪ್ಪ ಬಟ್ಟೆಗೆ ಬಳಿದು ಒಣಗಿಸಿ ಮಡಚಿದರೆ ಕಡತ. ಬಳಪದಲ್ಲಿ ಬರೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು.

ಹನ್ನೊಂದು ತುಂಬುವವರೆಗೆ ನಾನೂ ಆ ಹುಡುಗರ ಜೊತೆ ಕುಳಿತವಳೇ. ಆಮೇಲೆ ಹೊಸದುರ್ಗದ ಕಡೆಯಿಂದ ಸಂಬಂಧ ಕೂಡಿಬಂತು. ದೀಪಾವಳಿ ಕಳೆದ ಮೇಲೆ ಲಗ್ನ. ಓದು ಬರಹ ಸಾಕು ಎಂದು ಬೀಗರು ಹೇಳಿ ಕಳಿಸಿದರು.

"ಗಿರಿಜಿ, ಒಳಗೆ ಕುಂತ್ಕ. ಲಗ್ನಕ್ಕೆ ಬಂದ ಹುಡುಗಿ ಜಗಲಿ ಮ್ಯಾಲೆ ಕುಂತ್ರೆ ನೋಡ್ದೋರು ಏನಂತಾರೆ?" ಎಂದಳು ಅವ್ವ.

ಒಳಗೆಂದರೆ ನಡುಮನೆ. ನಮ್ಮದು ಮಣ್ಣಿನ ಮಾಳಿಗೆ ಮನೆ, ಕಿಟಕಿಯಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಅಂಗೈ ಅಗಲದ ಬಿಸಿಲು ನೆಲಕ್ಕೆ ಬಿದ್ದು, ಒರಳಿನ ಹತ್ತಿರದಿಂದ ಕಾಳು ತುಂಬಿಡುವ ಹಗೇವಿನ ಬಾಯಿಯವರೆಗೆ ತೆವಳಿ ಆರಿಹೋಗುತ್ತಿತ್ತು. ಗೋಡೆಯಾಚೆ ಹುಡುಗರು ಕಾಗುಣಿತ ಕೂಗುತ್ತಿದ್ದರು. ನನಗೆ ಅವರೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು, ಆದರೆ ಕೂಗುವಂತಿರಲಿಲ್ಲ. ಅಳಗುಳಿ ಮಣೆಯಲ್ಲಿ ಹುಣಸೆಬೀಜ ಹಾಕಿಕೊಂಡು ನನ್ನ ವಿರುದ್ಧ ನಾನೇ ಆಡಿ, ನಾನೇ ಸೋಲುತ್ತಿದ್ದೆ. ಹಂಡೆಯ ಹಿಂದೆ ಕುಳಿತು ಅತ್ತದ್ದೂ ಉಂಟು.

ಆ ವರ್ಷ ಮಹಾನವಮಿ ಹತ್ತಿರ ಬಂತು. ಮಹಾನವಮಿಗೆ ಮಠದ ಹುಡುಗರು ಬಣ್ಣದ ಕೋಲು ಹಿಡಿದು, ಮನೆಮನೆಗೆ ಹೋಗಿ ಚೌಪದ ಹಾಡಿ ಹರಸುವುದು ವಾಡಿಕೆ. ಚೌಪದ ಕಟ್ಟಬೇಕಾದವರು ಅಯ್ಯನೋರು. ನಮ್ಮ ಅಪ್ಪಯ್ಯ ಆರು ವರ್ಷದಿಂದ ಒಂದನ್ನೇ ಹಾಡಿಸುತ್ತಿದ್ದರು. ಊರ ಗೌಡರು ಜಗಲಿಗೆ ಬಂದು ಕುಳಿತು, "ಏನ್ರಿ ಅಯ್ಯನೋರೆ, ಈ ಸಲಾನೂ ಹಳೇ ಸಾರೇ ಬಿಸಿ ಮಾಡ್ಕಂಡು ಬರ್ತೀರೇನ್ರಿ?" ಎಂದು ನಕ್ಕರು. ಅಪ್ಪಯ್ಯ ಮೂರು ದಿನ ಗಡ್ಡ ಕೆರೆದುಕೊಂಡರೂ ಒಂದು ಸಾಲು ಹುಟ್ಟಲಿಲ್ಲ.

ನಾನೇ ಕಟ್ಟುತ್ತೇನೆ ಎಂಬ ಹಟ ನನಗೆ ಬಂತು. ನಾನು ಹೊಸ್ತಿಲು ದಾಟದಿದ್ದರೇನು, ನನ್ನ ಮಾತಾದರೂ ಊರು ಸುತ್ತಲಿ. ಮುಂದಿನ ಮಹಾನವಮಿಗೆ ನಾನು ಈ ಊರಿನಲ್ಲೇ ಇರುವುದಿಲ್ಲವಲ್ಲ!

ಬಿಸಿಲು ತೆವಳಿದಂತೆ ನನ್ನ ಹಳೆಯ ಕಡತವನ್ನೂ ಎಳೆದುಕೊಂಡು ಹತ್ತು ದಿನ ಬರೆದೆ. ಒಟ್ಟು ಇಪ್ಪತ್ತು ಸಾಲು. ಬರೆದದ್ದನ್ನು ಅಡಗಿಸಲು ನನಗೆ ಹೊಳೆದ ಜಾಗ ಹುಡುಗರ ಕಡತಗಳ ರಾಶಿ. ಹನ್ನೊಂದು ಕರಿ ಬಟ್ಟೆಯ ನಡುವೆ ಹನ್ನೆರಡನೆಯದನ್ನು ಯಾರು ಕೇಳುತ್ತಾರೆ? ಮಹಾನವಮಿಯ ಪೂಜೆಗೆ ಎಲ್ಲ ಕಡತಗಳಿಗೂ ಹೊಸದಾಗಿ ಕಪ್ಪು ಬಳಿಯುತ್ತಾರೆಂಬುದು ಮಠದಲ್ಲೇ ಬೆಳೆದ ನನಗೆ ಮರೆತೇಹೋಗಿತ್ತು. ಬುದ್ಧಿವಂತೆಯೆಂಬ ಜಂಬ ಅಷ್ಟಿತ್ತು!

ಪೂಜೆಯ ಹಿಂದಿನ ದಿನ ಅಪ್ಪಯ್ಯನಿಗೆ ತೋರಿಸಬೇಕೆಂದು ಹೋದರೆ, ರಾಶಿ ಇರಲಿಲ್ಲ. ಹಿತ್ತಲಲ್ಲಿ ಹುಣಸೆಬೀಜ ಕಾಸಿದ ಸುಟ್ಟ ವಾಸನೆ. ಹನ್ನೆರಡು ಕಡತಗಳೂ ಹಗ್ಗದ ಮೇಲೆ ಮಿರಮಿರ ಮಿನುಗುತ್ತ ಒಣಗುತ್ತಿದ್ದವು. ನನ್ನ ಅಳಗುಳಿ ಮಣೆ ಬರಿದಾಗಿ ಗೋಡೆಗೆ ಒರಗಿತ್ತು.

"ಅವ್ವ, ಇದ್ರಾಗೆ ಬರ್ದಿತ್ತಲ್ಲ!"

"ಏನೋ ಗೀಚಿದ್ರು ಕಣೆ. ಒರೆಸಿ ಬಳ್ದೆ. ಬೀಜ ಸಾಲದಾತು, ನಿನ್ನ ಆಟದ ಬೀಜಾನೂ ತಗಂಡೆ. ಹನ್ನೆರಡೂ ಹೆಂಗೆ ಹೊಸದಾಗ್ಯಾವೆ ನೋಡು!" ಅವ್ವನಿಗೆ ಓದು ಬರುತ್ತಿರಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತಾಗ, ತವರು ಬಿಡುವ ಸಂಕಟವೆಂದುಕೊಂಡು ಕಪ್ಪು ಮೆತ್ತಿದ ಕೈಯಲ್ಲೇ ತಲೆ ಸವರಿದಳು. "ಎಲ್ರೂ ಹೋಗೋರೇ ಕಣವ್ವ. ನಾನು ಬರ್ಲಿಲ್ವಾ?" ಎಂದಳು.

ಅಳು ಕೇಳಿ ಅಪ್ಪಯ್ಯ ಒಳಗೆ ಬಂದರು. ಬಾಯಿಬಿಟ್ಟು ಎಲ್ಲ ಹೇಳಿದೆ.

"ನೆನಪಿದ್ದಷ್ಟು ಹೇಳು ನೋಡಾಣ," ಎಂದರು.

ಬೆಳಕಿಂಡಿ ಬಿಸಿಲವ್ವ ಬಾ ನಮ್ಮ ಒಳಗೆ
ಬಾಗಿಲಲಿ ಬರಬೇಡ ಕಾವಲಿದೆ ಹೊರಗೆ
ನಡುಮನೆಯ ನೆಲದಲ್ಲಿ ತುಸುಹೊತ್ತು ಕೂತು
ಬೀದಿಯಲಿ ಕಂಡುದನು ಹೇಳೆರಡು ಮಾತು

ಅಷ್ಟೇ. ಉಳಿದ ಹದಿನಾರು ಸಾಲು ಎಷ್ಟು ತಡಕಾಡಿದರೂ ಬಾಯಿಗೆ ಬರಲಿಲ್ಲ. ಬರೆದಿದೆಯಲ್ಲ ಎಂದು ಬಾಯಿಪಾಠ ಮಾಡಿರಲಿಲ್ಲ.

ಅಪ್ಪಯ್ಯ ಸಾಲುಗಳನ್ನು ಬೆರಳಲ್ಲಿ ಎಣಿಸಿದರು. "ಹರಕೆ ಎಲ್ಲೈತವ್ವ ಇದ್ರಾಗೆ?"

"ಅಳಿಸಿ ಹೋದದ್ರಾಗಿತ್ತು, ಅಪ್ಪಯ್ಯ."

ಮನೆಯವರನ್ನು ಹರಸುವ ನಾಲ್ಕು ಸಾಲು ತಾವೇ ಸೇರಿಸಿ, ಅಂದೇ ಸಂಜೆ ಹುಡುಗರಿಗೆ ಬಾಯಿಪಾಠ ಮಾಡಿಸಿದರು.

ಮರುದಿನ ಹುಡುಗರು ಮೊದಲು ನಮ್ಮ ಬಾಗಿಲಲ್ಲೇ ನಿಂತು ಹಾಡಿದರು. ಅವ್ವ ಅವರಿಗೆ ಮಂಡಕ್ಕಿ ಬೆಲ್ಲ ಹಾಕಿದಳು. ನಾನು ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿದ್ದೆ. ನನ್ನ ಮಾತು ಹನ್ನೊಂದು ಗಂಟಲಲ್ಲಿ ಏಳುತ್ತಿತ್ತು.

"ಚಂದೈತಲ್ರಿ ಅಯ್ಯನೋರೆ! ಯಾರು ಕಟ್ಟಿದ್ದು?" ಗೌಡರ ದನಿ.

ಅಪ್ಪಯ್ಯ ಬಾಗಿಲ ಕಡೆ ಒಮ್ಮೆ ನೋಡಿದರು. "ಹಳೇದು ಗೌಡ್ರೆ. ಯಾವ ಕಾಲದ್ದೋ."

ಹಾಡು ಬೀದಿ ಹಿಡಿದು ಮುಂದೆ ಹೋಯಿತು. ನಾನು ಒಳಗೇ ಉಳಿದೆ. ಸಂಜೆ ಅಪ್ಪಯ್ಯ ನನ್ನ ಮುಖ ನೋಡದೆ, "ಬೀಗರ ಕಿವಿಗೆ ಬಿದ್ರೆ ಲಗ್ನ ಮುರ್ದೀತು ಕಣವ್ವ," ಎಂದರು. ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಆ ಎರಡು ದಿನ ಹಾಳುಮಾಡಿಕೊಂಡೆನಲ್ಲ ಎಂದು ಈಗಲೂ ಅನಿಸುತ್ತದೆ. ಮದುವೆಗೆ ಉಳಿದಿದ್ದದ್ದೇ ಕೆಲವು ವಾರ.

ಹೊಸದುರ್ಗದ ಕಡೆಯ ಆ ಮನೆಯಲ್ಲೂ ಒಂದು ನಡುಮನೆ, ಒಂದು ಬೆಳಕಿಂಡಿ. ಕೈಗೆ ಮತ್ತೆ ಬರವಣಿಗೆ ಹತ್ತಲು ಇಪ್ಪತ್ತು ವರ್ಷ ಬೇಕಾಯಿತು. ಕಥೆ ಬರೆದೆ, ಪದ್ಯ ಬರೆದೆ, ಪುಸ್ತಕದ ಮೇಲೆ ಹೆಸರೂ ಅಚ್ಚಾಯಿತು. ಬಾಯಿಪಾಠವಾಗದ ಸಾಲನ್ನು ಮಾತ್ರ ಇವತ್ತಿಗೂ ಕಾಗದಕ್ಕೆ ಇಳಿಸುವುದಿಲ್ಲ. ಈಗ ಕೂಲಿಮಠವಿಲ್ಲ, ಮನೆಮನೆಯ ಚೌಪದವಿಲ್ಲ. ಅವ್ವನೂ ಅಪ್ಪಯ್ಯನೂ ಇಲ್ಲ.

ಹೋದ ವರ್ಷ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ, "ಬೆಳಕಿಂಡಿ ಬಿಸಿಲವ್ವ ಬಾ ನಮ್ಮ ಒಳಗೆ" ಎಂದು ಹಾಡತೊಡಗಿದಳು. ನಾನು ಅವಳತ್ತ ಸರಿದು ಕುಳಿತೆ.

"ಯಾರು ಕಟ್ಟಿದ್ದವ್ವ ಇದು?" ಎಂದೆ.

"ಹಳೇದು ಕಣಜ್ಜಿ. ನಮ್ಮಜ್ಜಿ ಹೇಳ್ತಿದ್ಲು. ನಾಕೇ ಸಾಲು ಬರ್ತಾವೆ," ಎಂದಳು. ನಾನು ತುಟಿ ಆಡಿಸುತ್ತಿದ್ದದ್ದನ್ನು ನೋಡಿದ್ದಳೇನೋ, "ಮುಂದಿಂದು ನಿಮಗೇನಾರ ಬರ್ತೈತೇನ್ರಿ?" ಎಂದು ಕೇಳಿದಳು.

"ಇಲ್ಲ ಕಣವ್ವ," ಎಂದೆ. "ನಂಗೂ ಅಷ್ಟೇ ಬರೋದು."