ವನೆಸ್ಸಾ ಅಳಿಸಿದ ಮನೆಹೆಸರುಗಳು

ಬೆಳ್ಮಣ್ಣಿನ ವನೆಸ್ಸಾ ಡಿಸಿಲ್ವಾಳಿಗೆ ಮಣಿಪಾಲದಲ್ಲಿ ಒಳ್ಳೆಯ ಹೆಸರಿತ್ತು. ಚಿಕಿತ್ಸೆಯಲ್ಲಿ ಎತ್ತಿದ ಕೈ ಎನಿಸಿಕೊಂಡ ಡಾಕ್ಟರುಗಳು ಕೂಡ ತಮ್ಮ ಸಂಶೋಧನೆಯ ಅಂಕಿಅಂಶ ಹೊತ್ತುಕೊಂಡು ಅವಳ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಅವಳು ಅದನ್ನೆಲ್ಲ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರಿಗೆ ಹಾಕಿ, ಯಾವ ಔಷಧಿ ಯಾರಿಗೆ ನಾಟಿತು, ಯಾರಿಗೆ ನಾಟಲಿಲ್ಲ ಎಂದು ಲೆಕ್ಕ ತೆಗೆದುಕೊಡುತ್ತಿದ್ದಳು. ಇಷ್ಟಾದ ಮೇಲೆ ತಲೆಯ ಮೇಲೆ ಸ್ವಲ್ಪ ಕೊಂಬು ಮೂಡದೆ ಇರುತ್ತದೆಯೇ? ಮೂಡಿತ್ತು.

ಆ ವರ್ಷ ಚೈತಾಲಿ ಡಾಕ್ಟರ ತಂಡ ಕಾಪು ಕಡೆಯ ಹಳ್ಳಿಗಳಲ್ಲಿ ಸರ್ವೆ ನಡೆಸಿತ್ತು. ಬಿಪಿ ಇರುವ ಹೆಂಗಸರು ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ತಿಳಿಯಬೇಕಿತ್ತು. ಇನ್ನಂಜೆಯಲ್ಲಿ ಮನೆಮನೆ ತಿರುಗಿದವರು ಅದೇ ಊರಿನ ಕುಶಲಕ್ಕ. ಅವರು ಬಿಸಿಲಲ್ಲಿ ಗದ್ದೆಬದು ದಾಟಿ, ಅಟ್ಟಿಸಿಕೊಂಡು ಬಂದ ನಾಯಿಗಳನ್ನು ಗದರಿ ತಂದ ವಿವರದಲ್ಲಿ ಹೆಸರು, ವಯಸ್ಸಿನ ಜೊತೆ ಮನೆಹೆಸರೂ ಇತ್ತು. ಪಡುಮನೆ, ಬಾಕಿಮಾರು, ಹೀಗೆ. ಕಂಪ್ಯೂಟರಿಗೆ ತುಂಬಿಸಿದವರು ಅದನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿದ್ದರು. ವನೆಸ್ಸಾಳಿಗೆ ರೇಗಿತು. "ಇದೆಂತ ಕಸ!" ಎಂದು ಆ ಕಾಲಂ ಅನ್ನೇ ಅಳಿಸಿದಳು. ಆಮೇಲೆ ಒಬ್ಬರನ್ನೇ ಎರಡು ಸಲ ಬರೆದದ್ದುಂಟೋ ಎಂದು ನೋಡಲು, ಹೆಸರು, ವಯಸ್ಸು, ಊರು ಮೂರೂ ಒಂದೇ ಆಗಿರುವವರನ್ನು ಹುಡುಕುವಂತೆ ಸಾಫ್ಟ್‌ವೇರಿಗೆ ಹೇಳಿದಳು. ಪಾಪ, ಅದು ಹೇಳಿದ ಹಾಗೆ ಕೇಳಿತು. ಗಿರಿಜಾ ಪೂಜಾರ್ತಿ, ಅರವತ್ತು, ಇನ್ನಂಜೆ. ಮತ್ತೆ ಗಿರಿಜಾ ಪೂಜಾರ್ತಿ, ಅರವತ್ತು, ಇನ್ನಂಜೆ. ಇಂಥ ಜೋಡಿಗಳು ರಾಶಿ ಸಿಕ್ಕವು.

ಉಡುಪಿಯಲ್ಲಿ ಸರ್ವೆಯವರೆಲ್ಲ ಸೇರಿದ್ದ ಸಭೆಯಲ್ಲಿ ವನೆಸ್ಸಾ ಆ ಜೋಡಿಗಳನ್ನು ಪರದೆಯ ಮೇಲೆ ತೋರಿಸಿ, "ಇನ್ನಂಜೆಯದ್ದು ಮನೆಯಲ್ಲೇ ಕೂತು ತುಂಬಿಸಿದ ಹಾಗೆ ಉಂಟು" ಎಂದಳು.

ಕುಶಲಕ್ಕ ಎದ್ದು ನಿಂತರು. "ಇಲ್ಲ ಮೇಡಂ. ನಾನು ಎಲ್ಲರ ಮನೆಗೂ ಹೋಗಿದ್ದೇನೆ."

"ಹಾಗಾದರೆ ಕಂಪ್ಯೂಟರಿಗೆ ನಿಮ್ಮ ಮೇಲೆ ಎಂತ ದ್ವೇಷ ಅಕ್ಕ?"

ಯಾರೋ ಕಿಸಕ್ಕನೆ ನಕ್ಕರು. ಕುಶಲಕ್ಕ ಮತ್ತೆ ಕೂರಲಿಲ್ಲ, ಬ್ಯಾಗು ತೆಗೆದುಕೊಂಡು ಹೊರಗೆ ನಡೆದರು. ಮರುದಿನದಿಂದ ಅವರನ್ನು ಕೆಲಸಕ್ಕೆ ಯಾರೂ ಕರೆಯಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ವನೆಸ್ಸಾ ತನ್ನ ತಾಯಿ ಸಿಸಿಲಿಯಾರ ಜೊತೆ ಇಗರ್ಜಿಯಲ್ಲಿದ್ದಳು. ಪಾದ್ರಿಗಳು, "ಆಸ್ಪತ್ರೆಯಲ್ಲಿರುವ ಸಿಸಿಲಿಯಾ ಡಿಸಿಲ್ವಾರಿಗಾಗಿ ಪ್ರಾರ್ಥಿಸೋಣ" ಎಂದರು. ಸುತ್ತಲಿನವರೆಲ್ಲ ಗಾಬರಿಯಿಂದ ತಿರುಗಿ, ಗಟ್ಟಿಮುಟ್ಟಾಗಿ ಕೂತಿದ್ದ ತಾಯಿಯನ್ನು ನೋಡಿದರು.

"ಇವಳಲ್ಲ ಮಾರಾಯ್ರೆ, ಗುಡ್ಡೆಮನೆ ಸಿಸಿಲಿಯಾ" ಎಂದು ಹಿಂದಿನ ಬೆಂಚಿನ ಇಮೆಲ್ಡಾಬಾಯಿ ಪಿಸುಗುಟ್ಟಿದರು. "ಇವಳ ಪ್ರಾಯದವಳೇ."

ತಾಯಿಗೆ ನಗು ತಡೆಯಲಾಗಲಿಲ್ಲ. ಮಗಳಿಗೆ ಮಾತ್ರ ಪರದೆಯ ಮೇಲೆ ತೋರಿಸಿದ ಇಬ್ಬರು ಗಿರಿಜಾರು ನೆನಪಾದರು. ಹುಟ್ಟಿದಾಗಿನಿಂದ ಇಬ್ಬರು ಸಿಸಿಲಿಯಾರ ನಡುವೆ ಬೆಳೆದವಳು! ಮನೆಹೆಸರು ಹೇಳದಿದ್ದರೆ ಮದುವೆಯ ಕರೆಯೋಲೆ ಕೂಡ ಸರಿಯಾದ ಬಾಗಿಲಿಗೆ ಹೋಗುವುದಿಲ್ಲ ಎಂದು ಬಲ್ಲವಳು. ವಯಸ್ಸು ಕೇಳಿದರೆ "ಅಂದಾಜು ಅರವತ್ತು ಅಂತ ಬರೆಯಿರಿ" ಎನ್ನುವ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವಳು.

ಸೋಮವಾರ ಕುಶಲಕ್ಕನ ಮೂಲ ವಿವರ ತೆರೆದು ನೋಡಿದಳು. ಒಬ್ಬ ಗಿರಿಜಾ ಪಡುಮನೆಯವರು, ಇನ್ನೊಬ್ಬರು ಬಾಕಿಮಾರಿನವರು. ಉಳಿದ ಜೋಡಿಗಳೂ ಹಾಗೆಯೇ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಚೈತಾಲಿ ಡಾಕ್ಟರು ಸಮಾಧಾನ ಮಾಡಿದರು. "ಲೆಕ್ಕ ಸರಿ ಮಾಡಿಬಿಡು ವನೆಸ್ಸಾ. ಪೇಪರ್ ಇನ್ನೂ ಪ್ರಕಟಣೆಗೆ ಹೋಗಿಲ್ಲ ಅಲ್ವಾ? ಸುಮ್ಮನೆ ವಿಷಯ ದೊಡ್ಡದು ಮಾಡುವುದು ಬೇಡ."

ಲೆಕ್ಕ ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಯಾಯಿತು. ಆದರೆ ತುಂಬಿದ ಸಭೆಯಲ್ಲಿ ಒಬ್ಬರ ಮಾನ ಕಳೆದದ್ದನ್ನು ಯಾವ ಗುಂಡಿ ಒತ್ತಿ ಸರಿಮಾಡುವುದು? ಸರ್ವೆಯವರ ವಾಟ್ಸಾಪ್ ಗುಂಪಿನಲ್ಲಿ, "ತಪ್ಪು ಮಾಡಿದ್ದು ನಾನು, ಕುಶಲಕ್ಕ ಅಲ್ಲ" ಎಂದು ಬರೆದಳು. ಒಂದಷ್ಟು ಹೆಬ್ಬೆರಳುಗಳು ಬಂದವು. ಅಷ್ಟೇ. ನಾಚಿಕೆ ಎಳ್ಳಷ್ಟೂ ಇಳಿಯದೆ, ಮಧ್ಯಾಹ್ನದ ಬಸ್ಸು ಹಿಡಿದು ಇನ್ನಂಜೆಗೆ ಹೋದಳು.

ಕುಶಲಕ್ಕ ಚಾವಡಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು. ವನೆಸ್ಸಾ ತಲೆ ತಗ್ಗಿಸಿಕೊಂಡೇ ಹೇಳಿ ಮುಗಿಸಿದಳು.

"ನೀವು ಹೇಳಿದ್ದನ್ನು ನಾನು ತಡೆದುಕೊಂಡೆ ಮೇಡಂ, ನೀವು ಹೊರಗಿನವರು" ಎಂದರು ಕುಶಲಕ್ಕ. "ಆವತ್ತು ಮನೆಗೆ ಬಂದು ನಮ್ಮ ಯಜಮಾನರ ಹತ್ರ ಹೇಳಿಕೊಂಡು ಅತ್ತುಬಿಟ್ಟೆ. ಇವರು ಎಂತ ಕೇಳಿದ್ದು ಗೊತ್ತುಂಟಾ? 'ನಿಜಕ್ಕೂ ಎಲ್ಲ ಮನೆಗೂ ಹೋಗಿದ್ದೆಯಾ?' ಅಂತ." ಹಿತ್ತಲ ಕಡೆ ಕೈ ತೋರಿಸಿ ಹೇಳಿದರು, "ಹಿಂದೆ ಕಾಯಿ ಸುಲಿಯುತ್ತಾ ಇದ್ದಾರೆ. ಅವರಿಗೆ ಒಂದು ಮಾತು ಹೇಳ್ತೀರಾ?"

ಸಭೆಯಲ್ಲಿ ತಾನು ಆಡಿದ ಮಾತು ಈ ಮನೆಯ ಒಳಗೂ ಬಂದು ಕೂತಿದೆ ಎಂದು ವನೆಸ್ಸಾ ಎಣಿಸಿಯೇ ಇರಲಿಲ್ಲ. ಹಿಂದಿನ ಅಂಗಳದಲ್ಲಿದ್ದ ಕುಶಲಕ್ಕನ ಗಂಡನ ಬಳಿಗೆ ಹೋದಳು. "ಭೋಜಣ್ಣ, ಕುಶಲಕ್ಕ ಎಲ್ಲ ಮನೆಗೂ ಹೋಗಿದ್ದರು. ಸುಳ್ಳು ಹೇಳಿದ್ದು ನಾನು."

ಭೋಜಣ್ಣ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ಈಗ ಬೈಯುತ್ತಾರೆ ಎಂದುಕೊಂಡಳು ಅವಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಲೂ ಅವರಿಂದ ಆಗಲಿಲ್ಲ.

"ನಾನು ಹಾಗೆ ಕೇಳಬಾರದಿತ್ತು" ಎಂದರು, ನೆಲ ನೋಡಿಕೊಂಡು.

ಕುಶಲಕ್ಕ ತಿರುಗಿ ಒಳಗೆ ಹೋದರು. ಅಂಗಳದಲ್ಲಿ ಅವರನ್ನು ನಂಬದೆ ಹೋಗಿದ್ದ ಇಬ್ಬರೇ ಉಳಿದರು.