ಹಾದಿಯಾದ ಖೋಲಿ

ಗೌಂಡಿ ಕಟ್ಟಿದ ಇಳಿಜಾರಿನ ಮೇಲೆ ಯಾರೋ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು ಎಂದು ನನ್ನ ನೆನಪು ಹಟ ಹಿಡಿಯುತ್ತದೆ. ಆದರೆ ಅದು ಮೇ ತಿಂಗಳ ಕೊನೆ. ಸಂಶಿಯ ಸುತ್ತಮುತ್ತ ಆ ಹೊತ್ತಿಗೆ ಮೆಣಸಿನಕಾಯಿ ಒಣಗಿ ಮಾರಾಟವೂ ಮುಗಿದಿರುತ್ತದೆ. ಬೇರೆ ಯಾವುದೋ ಅಂಗಳದ್ದನ್ನು ತಂದು ನಾನು ಇಲ್ಲಿ ಹರವಿರಬೇಕು. ಹಾಗಾದರೆ ಉಳಿದದ್ದನ್ನು ಎಷ್ಟು ನಂಬುವುದು? ಗಾಲಿಕುರ್ಚಿಯನ್ನು ನಂಬಬಹುದು. ಅದನ್ನು ತಳ್ಳಿದವನು ನಾನೇ.

ಆಗ ನಾನು ಎಂ.ಎ. ಮುಗಿಸಿ ಸಂಶಿಯ ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದೆ. ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲದ ಒಬ್ಬ ಹುಡುಗಿ ಏಳನೇ ತರಗತಿಗೆ ಬರಬೇಕಿತ್ತು. ಅಷ್ಟು ವರ್ಷ ಅವಳ ಕಾಕಾ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಿ, ಒಳಗೆ ಕೂರಿಸಿ ಹೋಗುತ್ತಿದ್ದ. ಈಗ ಅವಳು ಖಡಾಖಂಡಿತ ಹೇಳಿಬಿಟ್ಟಿದ್ದಳು: "ನಾ ಇನ್ನ ಸಣ್ಣಾಕಿ ಅಲ್ಲ. ಎತ್ತಿಸ್ಕೊಂಡು ಬರಂಗಿಲ್ಲ. ಸಾಲಿ ಬಿಡ್ತೇನಿ."

ನಾವೆಲ್ಲ ದೊಡ್ಡ ಅಕ್ಕೋರು ಎನ್ನುತ್ತಿದ್ದ ಮುಖ್ಯೋಪಾಧ್ಯಾಯಿನಿ ಬೇಸಿಗೆ ಸೂಟಿಯಲ್ಲೇ ಮೆಟ್ಟಿಲ ಬಾಜು ಒಂದು ಇಳಿಜಾರು ಕಟ್ಟಿಸಿದರು. ಅದನ್ನು ನೋಡಲು ನನ್ನನ್ನೂ ಶಾಲಾ ಸಮಿತಿಯ ಅಧ್ಯಕ್ಷರನ್ನೂ ಕರೆಸಿದರು. ನೋಡಿ ಸುಮ್ಮನಿರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು ಹುಡುಗಿಗೆಂದು ತರಿಸಿದ್ದ ಗಾಲಿಕುರ್ಚಿಯಲ್ಲಿ ತಾವೇ ಕೂತರು. ಅಕ್ಕೋರದು ತೂಕದ ಮೈ.

"ತಳ್ರಿ ಮಾಸ್ತರ."

ತಳ್ಳಿದೆ. ಅರ್ಧಕ್ಕೆ ಕುರ್ಚಿ ನಿಂತಿತು.

"ಇನ್ನೂ ತಳ್ರಿ! ಎಂ.ಎ. ಮಾಡೀರಿ, ಮುಂಜಾನೆ ರೊಟ್ಟಿ ತಿಂದಿಲ್ಲೇನು?"

ಮುಂದಿನ ಗಾಲಿಗಳು ಮೇಲೆದ್ದವು. ಅವರು ಹಿಂದಕ್ಕೆ ಬಿದ್ದರು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅಧ್ಯಕ್ಷರು ಮಾತ್ರ ಈಗಲೂ "ಅವ್ರು ಬಿದ್ದಿಲ್ರಿ, ಚಪ್ಪಲಿ ಬಿತ್ತು" ಎನ್ನುತ್ತಾರೆ. ಇದ್ದರೂ ಇರಬಹುದು.

ಅಲ್ಲೇ ನಿಂತಿದ್ದ ಗೌಂಡಿಗೆ ಸಿಟ್ಟು ಬಂತು. "ಎಷ್ಟ್ ಗೋದಾಮಿಗೆ ಹಿಂಗ ಕಟ್ಟೇನ್ರಿ ಅಕ್ಕೋರ! ಚೀಲ ಹೊತ್ತವ್ರು ಇದರ ಮ್ಯಾಲೆ ಓಡ್ಕೋತ ಹತ್ತತಾರ."

"ಚೀಲ ಅಲ್ಲೋ ಮಾರಾಯ. ಆ ಹುಡುಗಿ ತಾನ ಗಾಲಿ ತಿರುವಿ ಹತ್ತಬೇಕು."

ಏರು ತಗ್ಗಲೆಂದು ಇಳಿಜಾರನ್ನು ಉದ್ದ ಮಾಡೋಣವೆಂದರೆ ಎದುರಿಗೆ ಧ್ವಜದ ಕಟ್ಟೆ. ಅಧ್ಯಕ್ಷರು ಮೆಲ್ಲಗೆ ಬಾಯಿ ಬಿಟ್ಟರು: "ಮನಿಗೇ ಬಂದು ಕಲಿಸೋ ಮಾಸ್ತರನ್ನ ಸರಕಾರದವ್ರು ಕಳಸ್ತಾರಂತಲ್ರಿ. ಅಕಿ ಮನ್ಯಾಗ ಕಲೀಲಿ."

"ಜಗಳಾಡಾಕ ಗೆಳತ್ಯಾರನ್ನೂ ಕಳಸ್ತಾರೇನ್ರಿ?"

ಇಷ್ಟು ಕೇಳಿ ಅಕ್ಕೋರು ಕಟ್ಟಡದ ಹಿಂದಕ್ಕೆ ನಡೆದರು. ಅಲ್ಲಿ ನೆಲ ಎತ್ತರ. ಅವರ ಖೋಲಿಗೆ ಆ ಕಡೆ ಒಂದು ಬಾಗಿಲಿತ್ತು. ಒಳಗಿನಿಂದ ಕಪಾಟು ಅಡ್ಡ ಇಟ್ಟು ಅದನ್ನು ಮುಚ್ಚಿದ್ದರು. ಕಪಾಟು ಸರಿಸಿದರೆ, ಹೊಸ್ತಿಲು ತೆಗೆದರೆ, ಮೊಣಕಾಲೆತ್ತರದ ಏರೂ ಇಲ್ಲ. ಆದರೆ ಅಲ್ಲಿಂದ ತರಗತಿಗೆ ಹೋಗಬೇಕಾದರೆ ಖೋಲಿಯ ನಟ್ಟನಡುವೆಯೇ ದಾಟಬೇಕು.

"ನಿಮ್ಮ ಆಫೀಸು ಹಾದಿ ಆಗತೈತ್ರಿ" ಎಂದೆ. ದಿನವೂ ಮಕ್ಕಳು ನುಗ್ಗಿದರೆ ಅಲ್ಲಿ ಯಾವ ಕೆಲಸವೂ ಸಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

"ಆಗಲಿ. ಟೇಬಲ್ ಮೂಲ್ಯಾಗ ಎಳೀರಿ."

ಆ ಖೋಲಿಗೆ ಒಂದು ರಿವಾಜು ಇತ್ತು. ಮಕ್ಕಳಿರಲಿ, ನಾವು ಶಿಕ್ಷಕರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಪ್ಪಣೆ ಕೇಳಿಯೇ ಕಾಲಿಡುತ್ತಿದ್ದೆವು. ಜೂನ್‌ನಲ್ಲಿ ಶಾಲೆ ಶುರುವಾದ ದಿನ ಅಕ್ಕೋರು ಮೂಲೆಯಲ್ಲಿ ಕೂತು ಹಾಜರಿ ನೋಡುತ್ತಿದ್ದರು. ಹಿಂದಿನ ಬಾಗಿಲಲ್ಲಿ ಗಾಲಿಯ ಸಪ್ಪಳ. ಕಾಕಾ ಹೊರಗೇ ಕೈಕಟ್ಟಿ ನಿಂತಿದ್ದ. ಗೌಂಡಿ ಅಲ್ಲಿ ಹೊಸದಾಗಿ ಕಟ್ಟಿದ ಸಣ್ಣ ಇಳಿಜಾರನ್ನು ಹುಡುಗಿ ತಾನೇ ಏರಿ ಬಂದು, ಬೆವೆತು, ಹೊಸ್ತಿಲಿದ್ದ ಜಾಗದಲ್ಲಿ ಗಾಲಿ ತಡೆದಳು.

"ಒಳಗ ಬರ್ಲೇನ್ರಿ ಅಕ್ಕೋರ?"

ಅಕ್ಕೋರು ತಲೆ ಎತ್ತಲಿಲ್ಲ. "ಇದು ಹಾದಿ. ಹಾದ್ಯಾಗ ನಡ್ಯಾಕ ಯಾರರ ಅಪ್ಪಣಿ ಕೇಳ್ತಾರೇನ? ನಡಿ, ಪ್ರಾರ್ಥನಿಗೆ ಹೊತ್ತಾತು."

ಅವಳು ಖೋಲಿ ದಾಟಿದಳು. ಅವಳ ಹಿಂದೆ ಇಡೀ ಏಳನೇ ತರಗತಿ, ಚಪ್ಪಲಿ ಹಾಕಿಕೊಂಡೇ.